ಎಂಜಿನ್ ಮೇಲೆ ಗೂಬೆ ಕೂರಿಸಬೇಡಿ

1/4
"ನಡು ಸಮುದ್ರದಲ್ಲಿ ಎಂಜಿನ್ ಕೈಕೊಡ್ತು, ಫುಲ್ ಥ್ರಿಲ್!" ಇಂಥ ರೀಲ್‌ಗೆ ಬೆಂಕಿ ಇಮೋಜಿ ಹಾಕ್ತೀರಲ್ಲ, ನಿಮಗೇ ಹೇಳ್ತಿರೋದು. ಎಂಜಿನ್ ಅಂದ್ಮೇಲೆ ಕೆಡುತ್ತೆ. ಸಿದ್ದಾಪುರದಿಂದ ರಾಂಪುರಕ್ಕೆ ಹೋಗುವಾಗ ಬೈಕ್ ನಿಂತ್ರೆ ತಳ್ಕೊಂಡು ಬರ್ತೀರಿ. ನೀರಿನ ಮೇಲೆ ಏನನ್ನ ತಳ್ತೀರಿ? ಹುಟ್ಟು, ಲಂಗರು, ಲೈಫ್ ಜಾಕೆಟ್ ಯಾವುದೂ ಇಲ್ಲದೆ ಮೀನು ಹಿಡಿಯೋಕೆ ಹೊರಟವರಿಗೆ ಎಂಜಿನ್ ಮೇಲೆ ದೂರು ಹೇಳೋ ಹಕ್ಕಿಲ್ಲ.

2/4
ಸಣ್ಣ ದೋಣಿಯ ಔಟ್‌ಬೋರ್ಡ್ ಎಂಜಿನ್ ನಿಲ್ಲೋಕೆ ದೊಡ್ಡ ಕಾರಣ ಬೇಕಿಲ್ಲ. ಇಂಧನದಲ್ಲಿ ನೀರು ಸೇರಿರುತ್ತೆ. ಸ್ಪಾರ್ಕ್ ಪ್ಲಗ್ ಒದ್ದೆಯಾಗಿರುತ್ತೆ. ಪ್ರೊಪೆಲ್ಲರ್‌ಗೆ ಹರಿದ ಬಲೆ ಸುತ್ತಿಕೊಳ್ಳುತ್ತೆ. ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ಸಡಿಲಿಸೋದು ಮರೆತರೂ ಸಾಕು, ಒಳಗೆ ಗಾಳಿ ಹೋಗದೆ ಇಂಧನ ಬರೋದೇ ನಿಲ್ಲುತ್ತೆ. ಓಡಿಸುವವನ ಕೈಗೆ ಕಟ್ಟೋ ಹುರಿಯ ಕ್ಲಿಪ್ ಕಳಚಿದ್ರೆ ಎಷ್ಟು ಎಳೆದ್ರೂ ಸ್ಟಾರ್ಟ್ ಆಗಲ್ಲ. ಅದು ರಿಪೇರಿಯೇ ಅಲ್ಲ, ಗಾಬರಿಯಲ್ಲಿ ಯಾರಿಗೂ ಹೊಳೆಯಲ್ಲ ಅಷ್ಟೆ. ಎಂಜಿನ್ ಹಿಂದೆ ಸಣ್ಣ ಧಾರೆಯಾಗಿ ನೀರು ಚಿಮ್ಮುತ್ತೆ ನೋಡಿ, ಅದು ನಿಂತ್ರೆ ತಂಪು ಮಾಡೋ ನೀರು ಓಡ್ತಿಲ್ಲ ಅಂತ ಅರ್ಥ. ಕೂಡಲೇ ಆರಿಸಬೇಕು.

ಈಗ ಗಾಳಿ ವಿಷಯ. ಮಳೆಗಾಲ ಬಿಟ್ರೆ ಕರಾವಳಿಯಲ್ಲಿ ಬೆಳಗಿನ ಜಾವ ಸಾಮಾನ್ಯವಾಗಿ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತೆ. ನಿಮ್ಮ ಫಿಶಿಂಗ್ ಟ್ರಿಪ್ ಹೊರಡೋದೂ ಅದೇ ಹೊತ್ತಿಗೆ. ಎಂಜಿನ್ ನಿಂತ ದೋಣಿ ದಡಕ್ಕೆ ಬರಲ್ಲ, ಇನ್ನೂ ಆಚೆಗೆ ತೇಲುತ್ತೆ. ಲಂಗರು ಇದ್ರೆ ಇದ್ದಲ್ಲೇ ನಿಲ್ಲಬಹುದು, ಹುಡುಕಿ ಬರುವವರಿಗೆ ಸಿಗಬಹುದು. ನಾಡದೋಣಿ ಮೀನುಗಾರರ ಎಂಜಿನ್ನೂ ಕೆಡುತ್ತೆ. ಅವರು ಅದನ್ನ ಥ್ರಿಲ್ ಅನ್ನಲ್ಲ.

3/4
"ನಾವು ಮೊಳಕಾಲ್ಮೂರಿನವರು, ಅಶೋಕನ ಶಾಸನದ ಬಂಡೆ ಬಿಟ್ರೆ ನಮಗೇನಿದೆ, ಕಡಲು ಎಲ್ಲೋ ದೂರ" ಅಂತೀರಾ? ಅದಕ್ಕೇ ಹೇಳ್ತಿರೋದು. ನೀರು ನೋಡದೆ ಬೆಳೆದ ನಮಗೆ ನೀರಿನ ಭಯಾನೂ ಗೊತ್ತಿಲ್ಲ, ಲೆಕ್ಕಾನೂ ಗೊತ್ತಿಲ್ಲ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯವರು, ನಮ್ಮ ಹಾಗೇ ಒಳನಾಡಿನವರು. ಅಲ್ಲಿ ದೊಡ್ಡ ದೂರು ಇದ್ದದ್ದು ಎಂಜಿನ್ ಮೇಲಲ್ಲ, ದೋಣಿಗೆ ಮೀರಿ ಜನ ಹತ್ತಿದ್ದರ ಮೇಲೆ.

4/4
"ಲೈಫ್ ಜಾಕೆಟ್ ಹಾಕಿದ್ರೆ ಫೋಟೋ ಚೆನ್ನಾಗಿ ಬರಲ್ಲ" ಅಂತ ಕ್ಲಾಸಲ್ಲೇ ಕೇಳಿದೀನಿ. ಆ ಕಿತ್ತಳೆ ಬಣ್ಣ ಇರೋದೇ ದೂರದಿಂದ ಕಾಣಲಿ ಅಂತ ಮಾರಾಯ! ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ ಇದೆ. ಆ 61 ದಿನ ನಿಮ್ಮನ್ನ ಮೀನು ಹಿಡಿಸೋಕೆ ಕರ್ಕೊಂಡು ಹೋಗ್ತೀನಿ ಅನ್ನೋನ ದೋಣಿ ಹತ್ತಲೇಬೇಡಿ. ಕೋಸ್ಟ್ ಗಾರ್ಡ್ ನಂಬರ್ 1554, ಈಗಲೇ ಸೇವ್ ಮಾಡ್ಕೊಳ್ಳಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ದಡದಲ್ಲಿರೋ ಒಬ್ಬರಿಗಾದ್ರೂ ಹೇಳಿ ಹೋಗಿ. ಹತ್ತೋ ಮೊದಲು ಓನರ್‌ಗೆ "ಹುಟ್ಟು ಎಲ್ಲಿದೆ, ತೋರಿಸಿ" ಅನ್ನಿ. ನಕ್ಕುಬಿಟ್ರೆ ಅಡ್ವಾನ್ಸ್ ಹೋದ್ರೂ ಪರವಾಗಿಲ್ಲ, ಇಳಿದುಬಿಡಿ.