ನಲವತ್ತು ದಾಟಿದ ಕಣ್ಣಿಗೆ ಕನ್ನಡಕ

ಕಣ್ಣಿನ ಶಿಬಿರ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ಸುತ್ತಿ, ಪೊರೆ ತೆಗೆದು, ಲಕ್ಷಾಂತರ ಬಡವರಿಗೆ ದೃಷ್ಟಿ ಮರಳಿಸಿದರು. ಆದರೆ ಶಸ್ತ್ರಚಿಕಿತ್ಸೆಯೇ ಬೇಕಿಲ್ಲದ, ಬರೀ ಕನ್ನಡಕದಿಂದ ಸರಿಹೋಗುವ ತೊಂದರೆಗೆ ಅಷ್ಟು ಗಮನ ಸಿಕ್ಕಿಲ್ಲ.

ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರ ಬಿಗಿಯಾಗಿ ಹತ್ತಿರದ್ದು ಮಸುಕಾಗುತ್ತದೆ. ಕಚೇರಿಯವರು ಕೂಡಲೇ ಚಾಳೀಸು ಕೊಳ್ಳುತ್ತಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವಾಕೆ, ಬೀಡಿ ಕಟ್ಟುವಾಕೆ ‘ವಯಸ್ಸಾಯ್ತು ಬಿಡಿ’ ಎಂದು ಸುಮ್ಮನಾಗುತ್ತಾರೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ. ಕೂಲಿ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ 751 ಕಾರ್ಮಿಕರ ಮೇಲೆ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹತ್ತಿರದ ನೋಟದ ಕನ್ನಡಕ ಕೊಟ್ಟದ್ದರಿಂದ ಅವರ ಎಲೆ ಕೊಯ್ಲು ಶೇ 21.7ರಷ್ಟು ಹೆಚ್ಚಿತ್ತು! ದುಬಾರಿ ಯಂತ್ರ ತಂದರೂ ಇಷ್ಟು ಲಾಭ ಸುಲಭವಲ್ಲ.

ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆ ಮನೆಬಾಗಿಲಿಗೇ ಕಣ್ಣಿನ ತಪಾಸಣೆ ತಂದಿದೆ. ಇದು ನಿಜಕ್ಕೂ ಮೆಚ್ಚಬೇಕಾದ ಹೆಜ್ಜೆ. ಆದರೆ ಪರೀಕ್ಷೆ ಒಂದು ದಿನ, ಕನ್ನಡಕ ಇನ್ನೆಂದೋ ಎಂದಾದರೆ ಕೂಲಿ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಬರುವವರು ಎಷ್ಟು ಮಂದಿ? ಮಕ್ಕಳಿಗೆ, ದೂರದೃಷ್ಟಿಯ ದೋಷ ಇರುವವರಿಗೆ ತಜ್ಞರ ಪರೀಕ್ಷೆ ಬೇಕೇ ಬೇಕು. ಚಾಳೀಸಿನ ಮಾತು ಬೇರೆ. ಅದು ಕೆಲವೇ ಪವರ್‌ಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ತರಬೇತಿ ಪಡೆದ ಆಶಾ ಕಾರ್ಯಕರ್ತೆಯರು ಅದನ್ನು ಮನೆಬಾಗಿಲಲ್ಲೇ ಕೊಡುವಂತಾಗಲಿ; ಮುರಿದರೆ ಬದಲಿ ಕನ್ನಡಕ ಗ್ರಾಮದ ಆರೋಗ್ಯ ಉಪಕೇಂದ್ರದಲ್ಲೇ ಸಿಗಲಿ. ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಪ್ರತ್ಯೇಕ ಹಣ ಇಡಬೇಕು.