ರಸಾಯನ ಶಾಸ್ತ್ರದ ಪಾಠವೂ ನಮ್ಮ ಸಂಘಗಳ ಕರ್ತವ್ಯವೂ

ಮುಂಬಯಿಯ ಹೋಟೇಲು ನೌಕರರ ಹಾಗೂ ಗುಮಾಸ್ತರ ಮಕ್ಕಳು ನರ್ಸಿಂಗ್, ಫಾರ್ಮಸಿ ಮೊದಲಾದ ಶಿಕ್ಷಣಕ್ಕೆ ಸೇರುವುದು ಸಂತೋಷದ ಸಂಗತಿಯೇ ಸರಿ. ಆದರೆ ಸೇರಿದವರೆಲ್ಲರೂ ದಡ ಮುಟ್ಟುವರೇ? ಮೊದಲ ವರ್ಷದಲ್ಲಿಯೇ ಅವರ ದಾರಿಗೆ ಅಡ್ಡ ನಿಲ್ಲುವ ವಿಷಯವೊಂದುಂಟು. ಅದು ಸಾವಯವ ರಸಾಯನ ಶಾಸ್ತ್ರ ಮತ್ತು ಅದಕ್ಕೆ ಹೊಂದಿಕೊಂಡ ಜೀವರಸಾಯನ ಶಾಸ್ತ್ರ. ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಕಲಿತು ಬಂದ ವಿದ್ಯಾರ್ಥಿಗೆ ವಿಷಯದ ತೊಡಕು ಒಂದಾದರೆ, ಇಂಗ್ಲಿಷ್ ಭಾಷೆಯ ತೊಡಕು ಇನ್ನೊಂದು. ಎರಡನ್ನೂ ಒಟ್ಟಿಗೆ ಹೊರಲಾರದೆ ಅವರು ಬಾಯಿಪಾಠದ ಮೊರೆ ಹೊಗುತ್ತಾರೆ.

ಹಿಂದೆ ಪುಸ್ತಕದ ಬೆಲೆಯೇ ಬಡವರಿಗೆ ದೊಡ್ಡ ಅಡಚಣೆಯಾಗಿತ್ತು. ಇಂದು ಆ ಮಾತನ್ನು ಹೇಳುವಂತಿಲ್ಲ. ಎನ್‌ಸಿಇಆರ್‌ಟಿಯ 11 ಮತ್ತು 12ನೆಯ ತರಗತಿಗಳ ರಸಾಯನ ಶಾಸ್ತ್ರದ ಪುಸ್ತಕಗಳು ಅಂತರಜಾಲದಲ್ಲಿ ಬಿಟ್ಟಿಯಾಗಿ ದೊರೆಯುತ್ತವೆ. ಅಮೆರಿಕದ ಜಾನ್ ಮ್ಯಾಕ್‌ಮರಿ ಎಂಬ ಪ್ರಾಧ್ಯಾಪಕರು, ಕಾಲೇಜುಗಳಲ್ಲಿ ದಶಕಗಳಿಂದ ಬಳಕೆಯಲ್ಲಿದ್ದ ತಮ್ಮ ಸಾವಯವ ರಸಾಯನ ಶಾಸ್ತ್ರದ ಗ್ರಂಥವನ್ನು 2023ರಲ್ಲಿ ಓಪನ್‌ಸ್ಟ್ಯಾಕ್ಸ್ ಸಂಸ್ಥೆಯ ಮೂಲಕ ಎಲ್ಲರಿಗೂ ಉಚಿತವಾಗಿ ಒದಗಿಸಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ರೋಗದಿಂದ ತೀರಿಕೊಂಡ ಮಗನ ಸ್ಮರಣೆಗಾಗಿ ತಂದೆಯು ಮಾಡಿದ ದಾನವಿದು. ದೇಹದ ಒಂದೇ ಒಂದು ಪ್ರೋಟೀನು ಕೆಟ್ಟಿದ್ದರಿಂದ ಉಂಟಾಗುವ ರೋಗವದು. ಜೀವರಸಾಯನದ ಪಾಠ ಏತಕ್ಕೆ ಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಗ್ರಂಥಗಳು ಇಷ್ಟು ಸುಲಭವಾಗಿದ್ದರೂ ವಿದ್ಯಾರ್ಥಿಗಳು ಏಕೆ ಎಡವುತ್ತಾರೆ? ಯಾವುದನ್ನು ಮೊದಲು ಓದಬೇಕು, ಯಾವುದನ್ನು ಆಮೇಲೆ ಓದಬೇಕು ಎಂದು ಹೇಳುವವರಿಲ್ಲ. ಇದೇ ಮುಖ್ಯ ಕಾರಣ. ಕರ್ನಾಟಕ ಸರಕಾರದ 10ನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇಂಗಾಲದ ಸಂಯುಕ್ತಗಳ ಅಧ್ಯಾಯವು ಕನ್ನಡದಲ್ಲಿಯೇ ಇದೆ. ಅದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕು. ಅನಂತರ 11ನೆಯ ತರಗತಿಯ ಸಾವಯವ ಭಾಗ, ತರುವಾಯ 12ನೆಯ ತರಗತಿಯ ಜೀವಾಣುಗಳ ಅಧ್ಯಾಯ. ಕಾಲೇಜಿನ ದೊಡ್ಡ ಗ್ರಂಥಕ್ಕೆ ಕೈ ಹಾಕುವುದು ಕಡೆಯಲ್ಲಿ. ಬುಡದಿಂದ ಹತ್ತದೆ ಮರದ ತುದಿಯನ್ನು ಹಿಡಿಯಲಾಗದು.

ಈ ಶಾಸ್ತ್ರವು ನಮಗೆ ಪರಕೀಯವಾದುದೆಂದು ಯಾರೂ ಅಂಜಬೇಕಾಗಿಲ್ಲ. ಇಡ್ಲಿಯ ಹಿಟ್ಟು ರಾತ್ರಿ ಕಳೆಯುವಷ್ಟರಲ್ಲಿ ಉಬ್ಬಿ ಹುಳಿಯಾಗುವುದನ್ನು ನಮ್ಮ ಅಡುಗೆ ಭಟ್ಟರು ದಿನವೂ ಕಾಣುತ್ತಾರೆ. ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಒಡೆದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಉಂಟುಮಾಡುವುದೇ ಅದರ ಮರ್ಮ. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲ. ತುಪ್ಪವೆಂದರೆ ಬಹುಮಟ್ಟಿಗೆ ಗ್ಲಿಸರಾಲಿನೊಡನೆ ಕೊಬ್ಬಿನ ಆಮ್ಲಗಳು ಕೂಡಿಕೊಂಡ ವಸ್ತು. ಗ್ಲೂಕೋಸಿನಲ್ಲಿಯೂ ಹಣ್ಣಿನ ಫ್ರಕ್ಟೋಸಿನಲ್ಲಿಯೂ 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣುಗಳೇ ಇವೆ. ಜೋಡಣೆ ಮಾತ್ರ ಬೇರೆ. ನೆನೆಸಿದ ಕಡಲೆಕಾಳಿಗೆ ಕಡ್ಡಿ ಚುಚ್ಚಿ ಈ ಜೋಡಣೆಯನ್ನು ಕೈಯಾರೆ ಕಟ್ಟಿ ನೋಡಿದವರು ಅದನ್ನು ಮರೆಯಲಾರರು.

ಮೊಬೈಲಿನಲ್ಲಿ ಉಪನ್ಯಾಸಗಳಿರುವಾಗ ಬೇರೆ ಏರ್ಪಾಡು ಏತಕ್ಕೆಂದು ಕೆಲವರು ಕೇಳಬಹುದು. ಉಪನ್ಯಾಸ ಕೇಳಿದ ಮಾತ್ರಕ್ಕೆ ಈ ವಿದ್ಯೆ ಬಾರದು. ಪೆನ್ಸಿಲು ಹಿಡಿದು ರಚನೆಗಳನ್ನು ಬರೆದು, ತಪ್ಪಿ, ತಿದ್ದಿಸಿಕೊಳ್ಳಬೇಕು. ಐದಾರು ಜನ ವಾಸಿಸುವ ಒಂದೇ ಖೋಲಿಯಲ್ಲಿ ಅದಕ್ಕೆ ಜಾಗವೆಲ್ಲಿ, ತಿದ್ದುವವರಾರು? ಪರೀಕ್ಷೆ ಇಂಗ್ಲಿಷಿನಲ್ಲಿರುವಾಗ ಕನ್ನಡದ ವಿವರಣೆಯಿಂದ ಏನು ಫಲವೆಂಬ ಆಕ್ಷೇಪವೂ ಉಂಟು. ಉತ್ತರವನ್ನು ಇಂಗ್ಲಿಷಿನಲ್ಲಿಯೇ ಬರೆಯಲಿ; ಆದರೆ ತಿಳಿವಳಿಕೆಯು ಮೊದಲು ತಾಯ್ನುಡಿಯಲ್ಲಿ ಬರಲಿ. 'ಎನ್‌ಜೈಮ್' ಎಂಬುದನ್ನು 'ಕಿಣ್ವ'ವೆಂದು ಬಲ್ಲವರಿಗೆ ಇಂಗ್ಲಿಷ್ ಪದವು ಭಾರವಾಗದು.

ನಮ್ಮ ಸಂಘ ಸಂಸ್ಥೆಗಳು ಮನಸ್ಸು ಮಾಡಿದರೆ ಈ ಕಾರ್ಯವು ಕಷ್ಟವಲ್ಲ. ಹಗಲೆಲ್ಲ ಹೋಟೇಲಿನಲ್ಲಿ ದುಡಿದ ಹುಡುಗರಿಗೆ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳ ಪರಂಪರೆ ಈ ಊರಿನಲ್ಲಿದೆ. ವಾರಕ್ಕೆ ಎರಡು ಸಂಜೆ ಸಭಾಗೃಹದ ಬಾಗಿಲು ತೆರೆದಿರಲಿ. ಉದ್ದನೆಯ ಮೇಜು, ಒಳ್ಳೆಯ ದೀಪ, ಒಂದು ಕಂಪ್ಯೂಟರು, ಮುಖ್ಯ ಅಧ್ಯಾಯಗಳ ಅಚ್ಚಿನ ಪ್ರತಿಗಳು, ಇವಿಷ್ಟು ಸಾಕು. ನಿವೃತ್ತರಾದ ವಿಜ್ಞಾನ ಅಧ್ಯಾಪಕರನ್ನೂ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನಮ್ಮ ದಾದಿಯರನ್ನೂ ಕರೆದು ಕೂರಿಸೋಣ. ಇನ್ನೂರು ಪದಗಳ ಇಂಗ್ಲಿಷ್–ಕನ್ನಡ ಪಟ್ಟಿಯನ್ನು ವಿದ್ಯಾರ್ಥಿಗಳೇ ಸಿದ್ಧಪಡಿಸಲಿ. ಮುಂದಿನ ವರ್ಷದವರಿಗೆ ಅದೇ ಆಸ್ತಿಯಾಗುವುದು.

ವಾರ್ಷಿಕೋತ್ಸವದ ಹಾರ, ಶಾಲುಗಳ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಟ್ಟರೆ ಉತ್ಸವದ ಶೋಭೆಗೇನೂ ಕುಂದುಂಟಾಗದು. ಉತ್ತೀರ್ಣರಾದವರನ್ನು ವೇದಿಕೆಗೆ ಕರೆದು ಸನ್ಮಾನಿಸುವ ರೂಢಿಯು ಒಳ್ಳೆಯದೇ. ಎಡವುತ್ತಿರುವವರ ಕೈ ಹಿಡಿಯುವ ರೂಢಿಯು ಅದಕ್ಕಿಂತ ಮೊದಲು ಬರಬೇಕು. ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಿ ನಿರ್ಣಯ ಮಾಡಿಸುವರೆಂದು ನಂಬೋಣ.