ಡಿಜಿಟಲ್ ವಿಸಿಟಿಂಗ್ ಕಾರ್ಡ್: ಅನುಮತಿ ಕೊಡುವ ಮುನ್ನ

ಕಾಗದದ ವಿಸಿಟಿಂಗ್ ಕಾರ್ಡ್ ಕೊಟ್ಟವರು, ಪಡೆದವರ ನಡುವೆಯೇ ಉಳಿಯುತ್ತಿತ್ತು. ಡಿಜಿಟಲ್ ಕಾರ್ಡಿನಲ್ಲಿ ಸೇವೆ ಒದಗಿಸುವ ಕಂಪನಿಯೂ ಸೇರಿಕೊಳ್ಳುತ್ತದೆ. ಕಾರ್ಡಿನ ಕ್ಯೂಆರ್ ಕೋಡ್ ಆ ಕಂಪನಿಯ ಜಾಲತಾಣಕ್ಕೆ ಕರೆದೊಯ್ಯುವುದಾದರೆ, ಯಾವಾಗ, ಯಾವ ಊರಿನಿಂದ ಸ್ಕ್ಯಾನ್ ಆಯಿತೆಂಬುದೂ ಅಲ್ಲಿ ದಾಖಲಾಗಬಹುದು. ಇನ್ನೂ ಆತಂಕದ ಸಂಗತಿಯೆಂದರೆ, ಕೆಲವು ಆ್ಯಪ್‌ಗಳು ಫೋನಿನ ಇಡೀ ಸಂಪರ್ಕ ಪಟ್ಟಿಗೇ ಅನುಮತಿ ಕೇಳುತ್ತವೆ. ಅದರಲ್ಲಿರುವ ನಂಬರುಗಳು ನಮ್ಮ ಮೇಲೆ ವಿಶ್ವಾಸವಿಟ್ಟು ಕೊಟ್ಟವರವು. ಅವರನ್ನು ಕೇಳದೆ ಒಪ್ಪಿಸುವ ಹಕ್ಕು ನಮಗಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಆದರೆ ಒಮ್ಮೆ ಸೋರಿಹೋದ ನಂಬರು ದಂಡದಿಂದ ಮರಳಿ ಬಾರದು. ಖಾತೆ ಅಳಿಸಿದರೆ ಮಾಹಿತಿಯೂ ಅಳಿಯುವುದೇ ಎಂದು ಮೊದಲೇ ನೋಡಿಕೊಳ್ಳಿ. ಹೆಸರು, ನಂಬರು, ಇಮೇಲ್ ಇಷ್ಟೇ ಸಾಕೆನ್ನುವವರಿಗೆ, ವಿವರಗಳನ್ನು ತನ್ನೊಳಗೇ ಹೊತ್ತಿರುವ ವಿ-ಕಾರ್ಡ್ ಕ್ಯೂಆರ್ ಇದೆ. ಅದನ್ನು ಓದಲು ಯಾವ ಕಂಪನಿಯ ಸರ್ವರೂ ಬೇಕಿಲ್ಲ.